ಹತ್ತು ಸಾವಿರದ ಫೋನಿಗೆ ನಾಚಿಕೆ ಯಾಕೆ?

1/7

ಫೋಟೊದಲ್ಲಿ ಇರೋದು ನನ್ನ ಮೊದಲನೇ ಫೋನ್. ಮೂಲೆ ಒಡೆದಿದೆ, ಹಿಂದಿನ ಕವರ್ ನಿಲ್ಲಲ್ಲ ಅಂತ ರಬ್ಬರ್ ಬ್ಯಾಂಡ್ ಹಾಕಿದೀನಿ. ನಗಿ ಪರವಾಗಿಲ್ಲ, ಆದ್ರೆ ಕಥೆ ಪೂರ್ತಿ ಕೇಳಿ.

ಫಸ್ಟ್ ಪಿಯುಸಿಯಲ್ಲಿ ಅಮ್ಮ ಗಾರ್ಮೆಂಟ್ಸ್ ಸಂಬಳದಲ್ಲಿ ಉಳಿಸಿ 7,000 ರೂಪಾಯಿಗೆ ಕೊಡಿಸಿದ್ದು. 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. "ಓದೋ ಮಕ್ಕಳಿಗೆ ಇಷ್ಟು ಸಾಕು ಕಣಮ್ಮ" ಅಂದ್ರು ಅಂಗಡಿಯವರು. ಅಮ್ಮ ನಂಬಿದ್ರು. ನಾನೂ ನಂಬಿದೆ.

ಡಿಗ್ರಿ ಮೊದಲ ವರ್ಷ, ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಒಟಿಪಿ ಬಂತು. ಅದನ್ನ ನೋಡೋಕೆ ಮೆಸೇಜ್ ತೆಗೆದು ವಾಪಸ್ ಬಂದ್ರೆ ಅರ್ಜಿಯ ಪೇಜು ಮೊದಲಿಂದ ಲೋಡ್ ಆಗ್ತಾ ಇತ್ತು. ಎರಡು ಕೆಲಸ ಒಟ್ಟಿಗೆ ನೆನಪಿಟ್ಟುಕೊಳ್ಳೋ ಶಕ್ತಿ ಆ ಫೋನಿಗೆ ಇರಲಿಲ್ಲ. ಒಂದು ಸಲ ಅಲ್ಲ, ಆರು ಸಲ. ಕೊನೆಗೆ ಸೇಫ್ಟಿ ಪಿನ್ನಲ್ಲಿ ಸಿಮ್ ತೆಗೆದು, ಪಕ್ಕದ ಮನೆ ಆಂಟಿ ಫೋನಿಗೆ ಹಾಕಿ, ರಾತ್ರಿ 11 ಗಂಟೆಗೆ ಸಬ್‌ಮಿಟ್ ಮಾಡಿದೆ. ಆಂಟಿ ಮನೇಲಿ ಇಲ್ಲದೇ ಇದ್ದಿದ್ರೆ ಆ ವರ್ಷದ ಫೀಸ್ ಕಥೆ ಮುಗೀತಿತ್ತು.

ಅವತ್ತು ಅರ್ಥ ಆಯ್ತು, ನಮ್ಮಂಥವರಿಗೆ ಫೋನು ಶೋಕಿ ವಸ್ತು ಅಲ್ಲ. ಪುಸ್ತಕ, ಬ್ಯಾಂಕು, ಅರ್ಜಿ ಫಾರಂ ಎಲ್ಲಾ ಅದೇ. ಹಾಗಿರುವಾಗ ಅದನ್ನ ಆರಿಸೋದು ಮಾತ್ರ ಯಾಕೆ ಅಂಗಡಿಯವರ ಮಾತು ಕೇಳಿ, ಇಲ್ಲಾ ರೀಲ್ಸ್ ನೋಡಿ?

2/7

ಈ ಫೋಟೊ ನಮ್ಮ ಕ್ಲಾಸಿನ ಡೆಸ್ಕ್. ಗಮನಿಸಿ, ದುಬಾರಿ ಫೋನುಗಳೆಲ್ಲ ಕ್ಯಾಮೆರಾ ಮೇಲೆ ಮಾಡಿ ಮಲಗಿವೆ. ಅಗ್ಗದ ಫೋನುಗಳು ಡೆಸ್ಕ್ ಮೇಲೇ ಇಲ್ಲ, ಬ್ಯಾಗ್ ಒಳಗಿವೆ.

ನಾಚಿಕೆ ಅನ್ನೋದು ಇಲ್ಲಿಂದ ಶುರು ಆಗುತ್ತೆ. ಗ್ರೂಪ್ ಫೋಟೊ ಅಂದ್ರೆ "ನಿನ್ನ ಫೋನ್ ಬೇಡ, ಅವನದ್ರಲ್ಲಿ ತೆಗಿ" ಅಂತೀವಿ. ತಮಾಷೆಗೇ ಅಂತೀವಿ, ಸರಿ. ಆದ್ರೆ ಆ ಮಾತು ಕೇಳಿಸಿಕೊಂಡವನು ಮನೆಗೆ ಹೋಗಿ ಏನು ಮಾಡ್ತಾನೆ ಗೊತ್ತಾ? ಇಎಂಐ ಹುಡುಕ್ತಾನೆ.

ನಮ್ಮ ದೊಡ್ಡಮ್ಮನ ಮಗ ಡೆಲಿವರಿ ಕೆಲಸ ಮಾಡ್ತಾನೆ. ಇದ್ದ ಫೋನು ಚೆನ್ನಾಗೇ ಇತ್ತು. ಫ್ರೆಂಡ್ಸ್ ಎದುರಿಗೆ ಮರ್ಯಾದೆ ಇರಲಿ ಅಂತ 22,000ದ ಫೋನನ್ನ ಕಂತಿಗೆ ತಗೊಂಡ. ಐದನೇ ತಿಂಗಳು ಗಾಡಿ ಕೆಟ್ಟು ಕಂತು ತಪ್ಪಿತು. ಫೈನಾನ್ಸ್‌ನವರದ್ದು ಒಂದು ಬೌನ್ಸ್ ಚಾರ್ಜ್, ಬ್ಯಾಂಕಿಂದು ಇನ್ನೊಂದು. ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದ್ರೆ ಫೋನೇ ಲಾಕ್. ಸಾಲ ಕೊಡುವಾಗಲೇ ಅದರೊಳಗೆ ಲಾಕ್ ಮಾಡೋ ಆ್ಯಪ್ ಹಾಕಿದ್ರಂತೆ. ಇವನಿಗೆ ಗೊತ್ತೇ ಇರಲಿಲ್ಲ. ಡೆಲಿವರಿ ಆ್ಯಪ್ ತೆರೆಯೋಕೆ ಆಗದೆ ಎರಡು ದಿನದ ದುಡಿಮೆ ಹೋಯ್ತು.

ಕಂತು ಕಟ್ಟಬೇಕಂದ್ರೆ ದುಡೀಬೇಕು, ದುಡೀಬೇಕಂದ್ರೆ ಫೋನ್ ಬೇಕು, ಫೋನ್ ತೆರೀಬೇಕಂದ್ರೆ ಕಂತು ಕಟ್ಟಬೇಕು. ಮರ್ಯಾದೆಗೆ ಅಂತ ತಗೊಂಡ ಫೋನು ಅವನನ್ನ ದೊಡ್ಡಪ್ಪನ ಮುಂದೆ ತಲೆ ತಗ್ಗಿಸಿ ನಿಲ್ಲಿಸಿತು.

3/7

"ಝೀರೋ ಪರ್ಸೆಂಟ್ ಬಡ್ಡಿ ಅಲ್ವಾ?" ಅಂತ ಕೇಳೋರಿಗೆ ಈ ಸ್ಲೈಡ್. ಬಿಕಾಂ ಓದ್ತಾ ಇದ್ದೀವಿ, ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಅಷ್ಟೇ.

ಒಂದು ಫೋನು ನಗದು ಕೊಟ್ರೆ 11,200. ಅದೇ ಫೋನು ಕಂತಿಗೆ 12,000. ಮೊದಲು ಕೈಯಿಂದ 4,000, ಜೊತೆಗೆ ಪ್ರೊಸೆಸಿಂಗ್ ಫೀ 500. ಆಮೇಲೆ ತಿಂಗಳಿಗೆ 1,000ದಂತೆ 8 ಕಂತು. "ಬಡ್ಡಿ ಇಲ್ಲ" ಅಂತ ಬೋರ್ಡ್.

ಈಗ ನೋಡಿ. 11,200 ಬೆಲೆಯ ವಸ್ತುವಿಗೆ ಮೊದಲ ದಿನವೇ ನೀವು 4,500 ಕೊಟ್ರಿ. ಅಂದ್ರೆ ನಿಜವಾಗಿ ಸಾಲ ಸಿಕ್ಕಿದ್ದು 6,700. ವಾಪಸ್ ಕಟ್ಟೋದು 8,000. ಎಂಟು ತಿಂಗಳಿಗೆ 1,300 ಹೆಚ್ಚಿಗೆ. ಪ್ರತಿ ತಿಂಗಳು ಅಸಲು ಕಮ್ಮಿ ಆಗ್ತಾ ಹೋಗೋದನ್ನೂ ಲೆಕ್ಕಕ್ಕೆ ಹಿಡಿದ್ರೆ ಇದು ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿಗಿಂತ ಸ್ವಲ್ಪ ಮೇಲಿನ ಬಡ್ಡಿ. ಊರಲ್ಲಿ ಯಾರಾದ್ರೂ ನೂರಕ್ಕೆ ಮೂರು ಅಂದ್ರೆ "ರಕ್ತ ಹೀರ್ತಾನೆ" ಅಂತ ಬೈತೀವಿ. ಎಸಿ ಹಾಕಿದ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಕೇಳಿದ್ರೆ ಸೆಲ್ಫಿ ತಗೊಂಡು ಬರ್ತೀವಿ.

ಇದು ನಾನೊಬ್ಬಳೇ ಹೇಳ್ತಿರೋದಲ್ಲ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನ ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. 2024ರ ಅಕ್ಟೋಬರ್‌ನಿಂದ ಇಂಥ ಹೊಸ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಇರುತ್ತೆ. ಎಲ್ಲಾ ಫೀಸೂ ಸೇರಿ ವರ್ಷಕ್ಕೆ ಬೀಳೋ ನಿಜವಾದ ಬಡ್ಡಿ ಅದು. ಸಹಿ ಹಾಕೋ ಮೊದಲು "ಎಪಿಆರ್ ಎಷ್ಟು?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಕೊಡೋಕೆ ತಡವರಿಸಿದ್ರೆ ಎದ್ದು ಬನ್ನಿ.

4/7

ಹಾಗಾದ್ರೆ ಎಲ್ಲಕ್ಕಿಂತ ಅಗ್ಗದ್ದು ತಗೊಳ್ಳೋದಾ? ಅದೂ ಬೇಡ. ನಮ್ಮಮ್ಮ ಮಾಡಿದ ತಪ್ಪು ಅದೇ, ಪಾಪ.

ಡಿಪ್ರಿಸಿಯೇಷನ್ ನೆನಪಿದೆಯಾ? ಸ್ಟ್ರೈಟ್ ಲೈನ್ ಮೆಥಡ್. ಬೆಲೆಯನ್ನ ಎಷ್ಟು ಕಾಲ ಉಪಯೋಗಕ್ಕೆ ಬರುತ್ತೋ ಅದರಿಂದ ಭಾಗಿಸಿ. ಪರೀಕ್ಷೆಗೆ ಮಾತ್ರ ಯಾಕೆ, ಜೇಬಿಗೂ ಮಾಡಿ.

ನನ್ನ 7,000ದ ಫೋನು ನೆಟ್ಟಗೆ ಕೆಲಸ ಮಾಡಿದ್ದು 18 ತಿಂಗಳು. ತಿಂಗಳಿಗೆ 389 ರೂಪಾಯಿ. ಆಮೇಲೆ ಅದರ ಜೊತೆ ಜಗಳ ಆಡಿಕೊಂಡು ಕಾಲ ತಳ್ಳಿದ್ದು ಬೇರೆ. 10,500ರ ಒಂದು ಫೋನು ಮೂರೂವರೆ ವರ್ಷ ಬಂದ್ರೆ ತಿಂಗಳಿಗೆ 250. ಡಬ್ಬದ ಮೇಲಿನ ಬೆಲೆ ನೋಡಿದ್ರೆ ಮೊದಲನೆಯದು ಅಗ್ಗ. ಲೆಕ್ಕ ಹಾಕಿದ್ರೆ ಎರಡನೆಯದು ಅಗ್ಗ.

ಈ ಲೆಕ್ಕ ತಪ್ಪಿಸೋಕೆ ಏನೇನು ಬರೀತಾರೆ ನೋಡಿ. "8 ಜಿಬಿ ರ‍್ಯಾಮ್" ಅಂತ ದಪ್ಪಕ್ಷರ, ಕೆಳಗೆ ಇರುವೆ ಗಾತ್ರದಲ್ಲಿ "4+4". ಆ ಎರಡನೇ 4 ರ‍್ಯಾಮೇ ಅಲ್ಲ. ನಿಮ್ಮದೇ ಸ್ಟೋರೇಜಿಂದ ಕಡ ತಗೊಂಡ ಜಾಗ. ನಿಜವಾದ ರ‍್ಯಾಮಿನ ವೇಗ ಅದಕ್ಕೆ ಬರಲ್ಲ. "50 ಮೆಗಾಪಿಕ್ಸೆಲ್ ಎಐ ಕ್ಯಾಮೆರಾ" ಅಂತಾರೆ. ಪಿಕ್ಸೆಲ್ ಸಂಖ್ಯೆ ಒಂದರಿಂದಲೇ ಫೋಟೊ ಚೆನ್ನಾಗಿ ಬರಲ್ಲ, ಸೆನ್ಸರ್ ಗಾತ್ರ, ಲೆನ್ಸ್, ಪ್ರೊಸೆಸರ್ ಎಲ್ಲಾ ಬೇಕು. ಹಿಂದೆ ಮೂರು ಕಣ್ಣು ಕಾಣುತ್ತೆ, ಅದರಲ್ಲಿ ಒಂದು ಕೆಲವು ಫೋನಲ್ಲಿ ಬರೀ ಅಲಂಕಾರ.

ಜಾಹೀರಾತಲ್ಲಿ ದೊಡ್ಡದಾಗಿ ಹಾಕದೇ ಇರೋದನ್ನೇ ಮೊದಲು ಹುಡುಕಿ.

5/7

ಫೋಟೊದಲ್ಲಿರೋದು ನನ್ನ ರೀಚಾರ್ಜ್ ಡೈರಿ. ಹೌದು, ಡೈರಿ ಇಡ್ತೀನಿ. ನೀವೂ ಇಟ್ಟು ನೋಡಿ, ಎದೆ ಧಸಕ್ ಅನ್ನುತ್ತೆ.

ನಾವೆಲ್ಲ ಪ್ರೀಪೇಯ್ಡ್ ಗಿರಾಕಿಗಳು. 2024ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳೆಲ್ಲ ಒಟ್ಟೊಟ್ಟಿಗೆ ದರ ಏರಿಸಿದವು. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಲ್ಯಾನ್ 239ರಿಂದ 299ಕ್ಕೆ ಹೋಯ್ತು. 28 ದಿನ ಅಂದ್ರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ. 299 ಇಂಟು 13, ಅಂದ್ರೆ 3,887. ಮೂರು ವರ್ಷಕ್ಕೆ 11,661. ಹತ್ತು ಸಾವಿರದ ಫೋನಿಗಿಂತ ಅದಕ್ಕೆ ಹಾಕೋ ರೀಚಾರ್ಜೇ ದುಬಾರಿ!

"5ಜಿ ಫೋನ್ ತಗೊಂಡ್ರೆ ಡೇಟಾ ಫ್ರೀ" ಅನ್ನೋ ಮಾತಿಗೂ ಇದೇ ಲೆಕ್ಕ. ಆ ಏರಿಕೆ ಜೊತೆಗೇ ಅನ್‌ಲಿಮಿಟೆಡ್ 5ಜಿಯನ್ನ ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲ್ಯಾನಿಗೆ ಸೀಮಿತ ಮಾಡಿದ್ರು. 299ರ ಬದಲು 349 ಹಾಕಬೇಕು. ವರ್ಷಕ್ಕೆ 650 ಹೆಚ್ಚು. ನಿಮ್ಮ ಊರಲ್ಲಿ 5ಜಿ ಸರಿಯಾಗಿ ಸಿಗುತ್ತಾ, ನಿಮಗೆ ಅಷ್ಟು ಡೇಟಾ ಬೇಕಾ, ನೋಡಿ ಆಮೇಲೆ ಹಾಕಿ.

ಇನ್ನೊಂದು ಬಲೆ ಸಿಮ್ ಲಾಕ್. 2023ರಲ್ಲಿ ಪೋಕೊ ಸಿ51 ಫೋನಿನ ಏರ್‌ಟೆಲ್ ಆವೃತ್ತಿ 5,999ಕ್ಕೆ ಬಂತು. ಷರತ್ತು ಏನಪ್ಪಾ ಅಂದ್ರೆ 18 ತಿಂಗಳು ಬೇರೆ ಕಂಪನಿ ಸಿಮ್ ನಡೆಯಲ್ಲ. ನಿಮ್ಮ ಹಾಸ್ಟೆಲಲ್ಲಿ ಅದೇ ನೆಟ್‌ವರ್ಕ್ ಚೆನ್ನಾಗಿದ್ರೆ ಲಾಭ. ಇಲ್ಲಾಂದ್ರೆ ಒಂದೂವರೆ ವರ್ಷ ಕಿಟಕಿ ಹತ್ರ ನಿಂತು "ಹಲೋ ಹಲೋ". ಇಂಥ ಆಫರ್ ಕಂಡ್ರೆ ಷರತ್ತು ಓದಿ.

ತೆರಿಗೆನೂ ನೋಡಿ. 2020ರ ಏಪ್ರಿಲ್‌ನಿಂದ ಮೊಬೈಲ್ ಮೇಲೆ ಜಿಎಸ್‌ಟಿ 12ರಿಂದ 18 ಪರ್ಸೆಂಟ್ ಆಗಿದೆ. ಗಾರ್ಮೆಂಟ್ಸ್ ಕೆಲಸದವರ ಮಗಳ 7,000ದ ಫೋನಿಗೂ ಅಷ್ಟೇ, ಶ್ರೀಮಂತರ ಲಕ್ಷದ ಫೋನಿಗೂ ಅಷ್ಟೇ. ರೀಚಾರ್ಜ್ ಮೇಲೂ 18. ನಮಗೆ ಯಾರೂ ರಿಯಾಯಿತಿ ಕೊಡಲ್ಲ, ನಾವೇ ಹುಷಾರಾಗಿರಬೇಕು.

6/7

ಈ ಸ್ಲೈಡ್ ಸೇವ್ ಮಾಡ್ಕೊಳ್ಳಿ. ಹತ್ತು ಸಾವಿರದ ಆಸುಪಾಸಿನ ಫೋನ್ ತಗೊಳ್ಳುವಾಗ ನಾನು ನೋಡೋದು ಇಷ್ಟು.

ಒಂದು: ನಿಜವಾದ ರ‍್ಯಾಮ್ 4 ಜಿಬಿಗಿಂತ ಕಮ್ಮಿ ಬೇಡ, 6 ಸಿಕ್ಕಿದ್ರೆ ಒಳ್ಳೇದು. ಸ್ಟೋರೇಜ್ 128. ಅದು ಯುಎಫ್‌ಎಸ್ಸಾ, ಇಎಂಎಂಸಿನಾ ಕೇಳಿ. ಯುಎಫ್‌ಎಸ್ ವೇಗದ್ದು.

ಎರಡು: ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕಂಪನಿ ವೆಬ್‌ಸೈಟಲ್ಲಿ ನೋಡಿ. ಯುಪಿಐ ಇರೋ ಫೋನು ಇದು, ಅಪ್‌ಡೇಟ್ ನಿಂತರೆ ಬಾಗಿಲಿಗೆ ಚಿಲಕ ಇಲ್ಲದ ಹಾಗೆ. ಅಗ್ಗದ ಫೋನಿಗೆ ಇದು ಸಿಗಲ್ಲ ಅನ್ನೋದು ಸುಳ್ಳು. 2025ರಲ್ಲಿ ಬಂದ ಸ್ಯಾಮ್‌ಸಂಗ್ ಎಫ್06 5ಜಿ ಈ ಬೆಲೆಯದ್ದೇ, ಕಂಪನಿ 4 ವರ್ಷದ ಮಾತು ಕೊಟ್ಟಿದೆ. ಅದನ್ನೇ ತಗೊಳ್ಳಿ ಅಂತಿಲ್ಲ, ಬೇರೆಯವರನ್ನೂ ಹೀಗೇ ಅಳೀರಿ.

ಮೂರು: ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಇದೆಯಾ? ಡಿಸ್‌ಪ್ಲೇ ಬದಲಾಯಿಸೋಕೆ ಎಷ್ಟು? ಮೊದಲೇ ಫೋನ್ ಮಾಡಿ ಕೇಳಿ.

ನಾಲ್ಕು: ಸೆಕೆಂಡ್ ಹ್ಯಾಂಡ್ ಆದ್ರೆ *#06# ಒತ್ತಿ ಐಎಂಇಐ ನಂಬರ್ ತೆಗೆದು, ಸರ್ಕಾರದ ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಿ. ಬ್ಲ್ಯಾಕ್‌ಲಿಸ್ಟ್ ಅಂತ ಬಂದ್ರೆ ಮುಟ್ಟಬೇಡಿ. ಬಿಲ್ ಇಸ್ಕೊಳ್ಳಿ. ಹಳೇ ಮಾಲೀಕರ ಗೂಗಲ್ ಅಕೌಂಟ್ ನಿಮ್ಮ ಎದುರಿಗೇ ತೆಗೆಸಿ.

ಐದು: ಹೊಸದಾದ್ರೂ ಜಿಎಸ್‌ಟಿ ಬಿಲ್ ಬೇಕೇ ಬೇಕು, ಅದರಲ್ಲಿ ಐಎಂಇಐ ಇರಬೇಕು. "ಬಿಲ್ ಬೇಡ ಅಂದ್ರೆ 300 ಕಮ್ಮಿ ಮಾಡ್ತೀನಿ" ಅಂದ್ರೆ ಒಪ್ಪಬೇಡಿ.

ಆರು: ಅಜ್ಜಿಗೆ, ಅಪ್ಪನಿಗೆ ಬರೀ ಮಾತಾಡೋಕೆ ಫೋನ್ ಬೇಕಾ? ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದ ಮೇಲೆ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರೋ ಪ್ಯಾಕ್ ಬಂದಿವೆ. ಅವರಿಗೆ ಬೇಡದ ಡೇಟಾಕ್ಕೆ ನೀವು ಯಾಕೆ ದುಡ್ಡು ಹಾಕ್ತೀರಿ?

7/7

ಡಿಎಂನಲ್ಲಿ ಬರೋ ಪ್ರಶ್ನೆಗೆ ಈಗಲೇ ಉತ್ತರ. "ನಮಗೂ ಆಸೆ ಇರಲ್ವಾ? ಬಡವರು ಒಳ್ಳೇ ಫೋನ್ ಹಿಡೀಬಾರ್ದಾ?"

ಹಿಡೀರಿ. ಕೂಡಿಟ್ಟು ತಗೊಂಡ್ರೆ ನಾನೇ ಬಂದು ಸ್ಕ್ರೀನ್ ಗಾರ್ಡ್ ಹಾಕಿಕೊಡ್ತೀನಿ. ಕಂತಲ್ಲಿ ತಗೊಂಡೋರೆಲ್ಲ ದಡ್ಡರು ಅಂತಲೂ ನಾನು ಹೇಳ್ತಿಲ್ಲ. ಎಷ್ಟೋ ಮನೇಲಿ ಒಟ್ಟಿಗೆ ಹತ್ತು ಸಾವಿರ ಕೈಗೆ ಸಿಗೋದೇ ಇಲ್ಲ, ನಮ್ಮ ಮನೇನೂ ಹಾಗೇ ಇತ್ತು. ಕಂತು ಅನಿವಾರ್ಯ ಆದ್ರೆ ಬೇಕಾದಷ್ಟೇ ಬೆಲೆಯದ್ದು ತಗೊಳ್ಳಿ, ಎಪಿಆರ್ ಕೇಳಿ ತಗೊಳ್ಳಿ. ನನ್ನ ಜಗಳ ಇರೋದು ನಮ್ಮ ನಾಚಿಕೆಯನ್ನ ಮಾರೋರ ಜೊತೆ. ಮತ್ತೆ, ಆ ನಾಚಿಕೆಯನ್ನ ಡೆಸ್ಕ್ ಡೆಸ್ಕ್‌ಗೂ ಪುಕ್ಕಟೆ ಹಂಚೋ ನಮ್ಮ ಜೊತೆ.

ಕೊನೇ ಫೋಟೊ ನನ್ನ ಈಗಿನ ಫೋನು. ರಜೆಯಲ್ಲಿ ಎರಡು ತಿಂಗಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, 10,500 ನಗದು ಎಣಿಸಿ ಕೊಟ್ಟು ತಗೊಂಡಿದ್ದು. ರಾತ್ರಿ ಫೋಟೊ ಸುಮಾರಾಗಿ ಬರುತ್ತೆ, ಒಪ್ತೀನಿ. ಈ ವರ್ಷದ ಸ್ಕಾಲರ್‌ಶಿಪ್ ಅರ್ಜಿ ಮಾತ್ರ ಹತ್ತು ನಿಮಿಷದಲ್ಲಿ ಮುಗೀತು. ಒಟಿಪಿ ನೋಡಿ ವಾಪಸ್ ಬಂದೆ, ಪೇಜು ಅಲ್ಲೇ ಕಾಯ್ತಾ ಇತ್ತು.

ನಾಳೆ ಕ್ಲಾಸಲ್ಲಿ ಒಂದು ಕೆಲಸ ಮಾಡಿ. ಬ್ಯಾಗಲ್ಲಿರೋ ಫೋನ್ ತೆಗೆದು ಡೆಸ್ಕ್ ಮೇಲಿಡಿ. ಪಕ್ಕದವರು ಇಟ್ರೆ ನಗಬೇಡಿ. ಗ್ರೂಪ್ ಫೋಟೊ ಒಂದು ಸಲ ಅವರ ಫೋನಲ್ಲೇ ತೆಗೀರಿ.

ನಿಮ್ಮ ಫೋನಿನ ಲೆಕ್ಕ ತಿಂಗಳಿಗೆ ಎಷ್ಟು ಬಂತು? ಬೆಲೆ ಭಾಗಿಸು ತಿಂಗಳು, ಕಾಮೆಂಟಲ್ಲಿ ಹಾಕಿ. ಕಂತಿಗೆ ಅಂತ ಅಂಗಡಿಗೆ ಹೊರಟಿರೋ ಫ್ರೆಂಡ್ ಇದ್ರೆ ಇವತ್ತೇ 3ನೇ ಸ್ಲೈಡ್ ಕಳಿಸಿ.

#ಫೋನ್‌ಲೆಕ್ಕ #ನಾಚಿಕೆಬೇಡ #ಎಪಿಆರ್‌ಎಷ್ಟು #ಬಿಕಾಂಬದುಕು