ಬಯಕೆಗೂ ಮುಂಚೆ ಬೇಕಾದ ಮಾತ್ರೆ

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಥದೊಂದು ಮನೆಯನ್ನು ಕಾಣುವುದು ಕಷ್ಟವೇನಲ್ಲ. ಸೊಸೆಗೆ ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಿದೆ. ಆಶಾ ಕಾರ್ಯಕರ್ತೆ ತಂದುಕೊಟ್ಟ ಕೆಂಪು ಮಾತ್ರೆಯ ಶೀಟು ಗೋಡೆಯ ಗೂಡಿನಲ್ಲಿ ಇಟ್ಟ ಹಾಗೆಯೇ ಇದೆ. ನಂಜನಗೂಡಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಮಗ, ಸಂಬಳದ ದಿನ ಔಷಧಿ ಅಂಗಡಿಯಿಂದ ದೊಡ್ಡದೊಂದು ಡಬ್ಬ ತಂದಿದ್ದಾನೆ. ಡಬ್ಬದ ಮೇಲೆ ನಗುವ ಮಗುವಿನ ಚಿತ್ರ.

ಆಶಾ ಮತ್ತೆ ಬಂದು ಕೇಳುತ್ತಾಳೆ: 'ಯಾಕವ್ವ, ಮಾತ್ರೆ ಹಂಗೇ ಅದಲ್ಲ?'

'ಕೆಂಪು ಗುಳಿಗೆ ನುಂಗುದ್ರೆ ಕೂಸು ಕರ್ರಗಾಯ್ತದಂತೆ ಕನವ್ವ. ಮಗ ಒಳ್ಳೆ ಪುಡಿನೇ ತಂದವ್ನೆ, ಅದೇ ಸಾಕು' ಎನ್ನುತ್ತಾರೆ ಅತ್ತೆ.

ಅತ್ತೆಗೆ ಪುಕ್ಕಟೆ ಬಂದ ಮಾತ್ರೆಯ ಮೇಲೆ ಅನುಮಾನ, ಮಗನಿಗೆ ದುಬಾರಿ ಡಬ್ಬದ ಮೇಲೆ ನಂಬಿಕೆ. ಇಬ್ಬರದೂ ಅಕ್ಕರೆಯೇ. ಆದರೆ ಪೋಷಕಾಂಶಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಯಾವುದು? ಎಷ್ಟು? ಯಾವಾಗ? ಇವುಗಳಲ್ಲಿ ಎಲ್ಲರೂ ಮರೆಯುವುದು ಮೂರನೆಯದನ್ನು. ಅದರ ಲೆಕ್ಕವನ್ನು ಮೊದಲು ನೋಡೋಣ.

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಭಾಗದಲ್ಲಿ ಚಪ್ಪಟೆಯಾದ ಒಂದು ಪದರ ಇರುತ್ತದೆ. ಬಾಳೆ ಎಲೆಯನ್ನು ಸುರುಳಿ ಸುತ್ತಿದಂತೆ ಅದರ ಎರಡು ಅಂಚುಗಳು ಮೇಲೆದ್ದು, ಒಂದನ್ನೊಂದು ಕೂಡಿ ಕೊಳವೆಯಾಗುತ್ತವೆ. ಇದೇ ನರಕೊಳವೆ. ಮುಂದೆ ಇದರ ಒಂದು ತುದಿ ಮೆದುಳು, ಉಳಿದದ್ದು ಬೆನ್ನುಹುರಿ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಈ ಕೊಳವೆ ಪೂರ್ತಿ ಮುಚ್ಚಿಕೊಳ್ಳಬೇಕು. ಕೆಳಗೆ ಎಲ್ಲಾದರೂ ಮುಚ್ಚದೆ ಉಳಿದರೆ ಬೆನ್ನುಮೂಳೆ ಸೀಳಿದ ಮಗು ಹುಟ್ಟುತ್ತದೆ. ಅದಕ್ಕೆ ಕಾಲುಗಳಲ್ಲಿ ಶಕ್ತಿ ಇಲ್ಲದಿರಬಹುದು, ಮೂತ್ರದ ಮೇಲೆ ಹಿಡಿತ ತಪ್ಪಬಹುದು. ಮೇಲ್ತುದಿ ಮುಚ್ಚದಿದ್ದರೆ ಮೆದುಳೇ ಸರಿಯಾಗಿ ಬೆಳೆಯುವುದಿಲ್ಲ, ಅಂಥ ಮಗು ಬದುಕುವುದಿಲ್ಲ.

ಸಾಮಾನ್ಯವಾಗಿ ಮುಟ್ಟಾದ ಎರಡು ವಾರದ ನಂತರ ಗರ್ಭ ಕಟ್ಟುತ್ತದೆ. ಇನ್ನೆರಡು ವಾರ ಕಳೆದರೆ ಮುಂದಿನ ಮುಟ್ಟಿನ ದಿನ. ಅದು ತಪ್ಪಿತೆಂದು ಗೊತ್ತಾಗುವ ಹೊತ್ತಿಗೆ 28ರಲ್ಲಿ 14 ದಿನ ಮುಗಿದಿವೆ. 'ಇನ್ನೊಂದು ವಾರ ನೋಡೋಣ' ಎಂದರೆ 21. ವಾಂತಿ ಶುರುವಾಗಿ, ಹುಳಿ ಮಾವಿನಕಾಯಿಯ ಬಯಕೆ ಹುಟ್ಟಿ, ಅತ್ತೆಗೆ ತಿಳಿದು, ಆಸ್ಪತ್ರೆಯಲ್ಲಿ ಹೆಸರು ಬರೆಸುವಷ್ಟರಲ್ಲಿ ನರಕೊಳವೆಯ ಕೆಲಸ ಎಂದೋ ಮುಗಿದಿರುತ್ತದೆ. ಆಮೇಲೆ ಎಷ್ಟು ಬೆಲೆಯ ಡಬ್ಬ ತಂದರೂ, ಈ ಒಂದು ವಿಷಯದಲ್ಲಿ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ವಸ್ತು ಫೋಲಿಕ್ ಆಮ್ಲ, ಬಿ ಗುಂಪಿನ ಒಂದು ವಿಟಮಿನ್. ಅದರ ಕಥೆಗೂ ನಮ್ಮ ದೇಶಕ್ಕೂ ಹತ್ತಿರದ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿ ಗರ್ಭಿಣಿಯರನ್ನು, ಅದರಲ್ಲೂ ಬಡ ಗಿರಣಿ ಕಾರ್ಮಿಕ ಹೆಂಗಸರನ್ನು ಕಾಡುತ್ತಿದ್ದ ವಿಚಿತ್ರ ರಕ್ತಹೀನತೆಯ ಮೂಲ ಹುಡುಕುವುದು ಅವರ ಕೆಲಸ. ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಆ ರೋಗ ವಾಸಿಯಾಗುವುದನ್ನು 1931ರಲ್ಲಿ ಅವರು ಪ್ರಕಟಿಸಿದರು. ಸಾರದಲ್ಲಿದ್ದ ಆ ಅಂಶ ಯಾವುದೆಂದು ಆಗ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡವನ್ನು ಮುನ್ನಡೆಸಿದವರು ಆಂಧ್ರದಿಂದ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. ಕೊನೆಗೆ 1991ರಲ್ಲಿ, ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಹೊರಬಿತ್ತು. ಹಿಂದೆ ಇಂಥ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದಾಗ, ಅದು ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು.

ಎಷ್ಟು ಬೇಕು? ಸಾಮಾನ್ಯ ಹೆಂಗಸಿಗೆ ದಿನಕ್ಕೆ 400 ಮೈಕ್ರೊಗ್ರಾಂ, ಎಂದರೆ 0.4 ಮಿಲಿಗ್ರಾಂ. ಮಗು ಬೇಕೆಂದು ನಿರ್ಧರಿಸಿದಾಗಿನಿಂದ ಗರ್ಭದ ಮೊದಲ ಮೂರು ತಿಂಗಳು ಮುಗಿಯುವವರೆಗೆ. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಮಾತ್ರೆ 5 ಮಿಲಿಗ್ರಾಂನದು, ಹನ್ನೆರಡು ಪಟ್ಟಿಗೂ ಹೆಚ್ಚು. ಅಂಥ ದೊಡ್ಡ ಪ್ರಮಾಣ, ಹಿಂದೆ ದೋಷದ ಮಗು ಹುಟ್ಟಿದ್ದವರಿಗೆ ಮತ್ತು ಬೇರೆ ಕೆಲವು ಕಾರಣಗಳಿಗೆ ವೈದ್ಯರು ಬರೆದುಕೊಡುವಂಥದು. ಫಿಟ್ಸ್ ರೋಗಕ್ಕೆ ಮಾತ್ರೆ ನುಂಗುತ್ತಿರುವವರು, ಸಕ್ಕರೆ ಕಾಯಿಲೆ ಇರುವವರು ಗರ್ಭಕ್ಕೆ ಮುಂಚೆಯೇ ವೈದ್ಯರನ್ನು ಕಾಣಬೇಕು. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಬಾರದು.

ಸೊಪ್ಪು ತಿಂದರೆ ಸಾಲದೆ ಎಂದು ಮಕ್ಕಳು ಕೇಳಬಹುದು. ತೆರಕಣಾಂಬಿಯ ತರಕಾರಿ ಮಾರುಕಟ್ಟೆ ಪಕ್ಕದಲ್ಲೇ ಇರುವವರಿಗೆ ಇದು ನ್ಯಾಯವಾದ ಪ್ರಶ್ನೆಯೇ. ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಇದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಬಿಸಿಗೆ ನಾಶವಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ ಅರ್ಧ ಗುಣ ಬಚ್ಚಲಿಗೆ. ಸೊಪ್ಪು ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ನಮ್ಮ ಅಜ್ಜಿಯರು ಇದನ್ನು ಓದದೆಯೇ ತಿಳಿದಿದ್ದರು. ಆದರೂ ಆ 28 ದಿನಗಳಿಗೆ ಬೇಕಾದಷ್ಟು ಊಟದಿಂದಲೇ ಸಿಕ್ಕೀತೆಂಬ ಖಾತ್ರಿ ಇಲ್ಲ. ಬಸ್ಸಾರು ಇರಲಿ, ಮಾತ್ರೆಯೂ ಇರಲಿ.

ಇನ್ನು ಗೂಡಿನಲ್ಲಿ ಕುಳಿತ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇವೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಒಂದೂವರೆ ಪಟ್ಟಿನ ಹತ್ತಿರ ಏರುತ್ತದೆ. ಹುಟ್ಟಲಿರುವ ಮಗುವೂ ತನ್ನ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣವನ್ನು ತಾಯಿಯಿಂದಲೇ ಕೂಡಿಟ್ಟುಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದಾಗ ಇಂಥ ತಾಯಿ ತಾಳಿಕೊಳ್ಳಲಾರಳು.

ಮಾತ್ರೆ ನುಂಗಿದರೆ ಕಪ್ಪಾಗುವುದು ಮಲ, ಮಗುವಲ್ಲ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಹೋಗುವ ಬಣ್ಣ ಅದು. ಮಗುವಿನ ಬಣ್ಣ ತಂದೆ ತಾಯಿಯ ವಂಶವಾಹಿಗಳಿಂದ ಬಂದದ್ದು, ಅದನ್ನು ಮಾತ್ರೆ ಕಪ್ಪು ಮಾಡದು, ಕೇಸರಿ ಹಾಲು ಬೆಳ್ಳಗೆ ಮಾಡದು. ಹೊಟ್ಟೆ ತೊಳೆಸಿದಂತಾದರೆ ರಾತ್ರಿ ಊಟದ ನಂತರ ಮಲಗುವ ಮುಂಚೆ ನುಂಗಬಹುದು. ನಿಂಬೆರಸ, ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ ಅದನ್ನು ತಡೆಯುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲೇ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬಾರದು, ಎರಡು ಗಂಟೆಯಾದರೂ ಅಂತರ ಬೇಕು. ಮುದ್ದೆ ಉಣ್ಣುವ ಸೀಮೆಯವರು ಕ್ಯಾಲ್ಸಿಯಂ ವಿಷಯದಲ್ಲಿ ಅದೃಷ್ಟವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿಯಲ್ಲಿ ಇಲ್ಲವೆಂದೇ ಹೇಳಬೇಕು.

ನಮ್ಮ ಸೀಮೆಯ ನಿಜವಾದ ಕೊರತೆಯೊಂದು ಡಬ್ಬದ ಚಿತ್ರದಲ್ಲಿ ಕಾಣುವುದಿಲ್ಲ. ಚಾಮರಾಜನಗರ 1997ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಸರಿಯಾಗಿ ಅದೇ ಕಾಲಕ್ಕೆ, 1997–98ರಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಗರ್ಭಿಣಿಯರ ರಕ್ತ ಸಂಗ್ರಹಿಸಿ ಅಧ್ಯಯನ ನಡೆಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಏಳನೆಯ ತಿಂಗಳ ಹೊತ್ತಿಗೆ ಫೋಲೇಟ್ ಕೊರತೆ ಇದ್ದವರು ಶೇ. 4, ಬಿ12 ಕೊರತೆ ಇದ್ದವರು ಶೇ. 43. ಬಿ12 ಗಿಡಮೂಲದ ಆಹಾರದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಸಸ್ಯಾಹಾರಿ ಮನೆಯಲ್ಲಿ ಕರೆದ ಹಾಲೆಲ್ಲ ಡೇರಿಗೆ ಹೋಗಿ, ಸೊಸೆಯ ಪಾಲಿಗೆ ಕಾಫಿಯಲ್ಲಿನ ಎರಡು ಚಮಚ ಉಳಿದರೆ ಬಿ12 ಬರುವುದೆಲ್ಲಿಂದ? ದೊಡ್ಡ ಪ್ರಮಾಣದ ಫೋಲಿಕ್ ಆಮ್ಲ ಈ ಕೊರತೆಯ ರಕ್ತಹೀನತೆಯನ್ನು ಮರೆಮಾಚುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯಬಹುದು. ಆದ್ದರಿಂದ ಸಸ್ಯಾಹಾರಿಗಳು ಬಿ12 ಬಗ್ಗೆ ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು.

ಅತಿಯಾದರೆ ಅಮೃತವೂ ವಿಷ. ಎರಡು ಮೂರು ಬಗೆಯ ವಿಟಮಿನ್ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಎ ವಿಟಮಿನ್ ಮಿತಿ ಮೀರಬಹುದು. 1995ರಲ್ಲಿ ಅಮೆರಿಕದಲ್ಲಿ 22,000ಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 10,000 ಯೂನಿಟ್ಟಿಗಿಂತ ಹೆಚ್ಚು ಸಿದ್ಧರೂಪದ ಎ ವಿಟಮಿನ್ ಮಾತ್ರೆ ಸೇವಿಸಿದವರ ಮಕ್ಕಳಲ್ಲಿ ಹುಟ್ಟುದೋಷಗಳು ಹೆಚ್ಚಾಗಿದ್ದವು. ಕ್ಯಾರೆಟ್, ನುಗ್ಗೆಸೊಪ್ಪಿನಿಂದ ಈ ಭಯವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆ ಇನ್ನೊಂದು ಎಚ್ಚರಿಕೆ. ಅದು ವಂಶದಿಂದ ಬರುವ ರೋಗ. ಅದರಲ್ಲಿ ಕಬ್ಬಿಣ ಎಷ್ಟು ಬೇಕೆಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಮಗ ತಂದ ಡಬ್ಬ? ಅದನ್ನು ಎಸೆಯಬೇಕಾಗಿಲ್ಲ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು, ಅಷ್ಟೆ. ಸಕ್ಕರೆ ಎಷ್ಟು, ಕಬ್ಬಿಣ ಎಷ್ಟು, ಎ ವಿಟಮಿನ್ ಎಷ್ಟು? ಹೈಸ್ಕೂಲು ಓದುವ ಯಾರಾದರೂ ಇದನ್ನು ಕೂಡಿ ಕಳೆದು ಹೇಳಬಲ್ಲರು. ಆ ಹಣಕ್ಕೆ ಎಷ್ಟು ಮೊಟ್ಟೆ, ಎಷ್ಟು ಲೀಟರು ಹಾಲು, ಎಷ್ಟು ಸೇರು ಕಡಲೆಕಾಯಿ ಬರುತ್ತಿತ್ತೆಂಬ ಲೆಕ್ಕವನ್ನೂ ಜೊತೆಗೆ ಹಾಕಬಹುದು.

ಆ ಮನೆಯ ಸೊಸೆಗೆ ಒಬ್ಬ ತಂಗಿ ಇದ್ದಾಳೆಂದು ಇಟ್ಟುಕೊಳ್ಳೋಣ, ಚಾಮರಾಜನಗರದ ಹೈಸ್ಕೂಲಿನಲ್ಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಅವಳು ಗೆಳತಿಯರ ಜೊತೆ ಸೇರಿ ಕಿಟಕಿಯಾಚೆ ಎಸೆಯುವುದುಂಟು. ಅದರಲ್ಲಿರುವುದೂ ಅದೇ 60 ಮಿಲಿಗ್ರಾಂ ಕಬ್ಬಿಣ, ಅದೇ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮುಂದೆ ಎಂದೋ ತಾಯಿಯಾಗುವ ದೇಹಕ್ಕೆ ರಕ್ತದ ಉಳಿತಾಯ ಇಂದಿನಿಂದಲೇ ಶುರು. ವಾರಕ್ಕೊಂದು ಮಾತ್ರೆ ಆ 28 ದಿನಗಳಿಗೆ ಸಾಲದು, ಮಗು ಬೇಕೆನಿಸಿದಾಗ ದಿನಕ್ಕೊಂದು ಫೋಲಿಕ್ ಆಮ್ಲದ ಮಾತ್ರೆಯೇ ಬೇಕು. ಮದುವೆಗೆ ಸೀರೆ, ಒಡವೆ, ಪಾತ್ರೆಗಳ ಪಟ್ಟಿ ಬರೆಯುವ ಹೆತ್ತವರು ಒಂದು ಸಾಲನ್ನು ಕೊನೆಗೆ ಸೇರಿಸಿದರೆ ಸಾಕು: ಮದುಮಗಳ ಹಿಮೋಗ್ಲೋಬಿನ್ ಪರೀಕ್ಷೆ, ಒಂದು ಶೀಟು ಫೋಲಿಕ್ ಆಮ್ಲ. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನ ಸಾಲು ಅದೇ ಆಗಿರುತ್ತದೆ.