ಪುಟ್ಟಿ ಬರೆದ ನೋಟ್‌ಬುಕ್

ಮಕ್ಕಳೇ, ಈ ವಾರದ ಅಂಕಣವನ್ನು ನಾನು ನನ್ನ ಕೈಯಿಂದ ಬರೆದಿಲ್ಲ. ನಾನು ಹೇಳುತ್ತಾ ಹೋದೆ, ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ ಬರೆದುಕೊಂಡಳು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಸಕಲೇಶಪುರ, ಆಲೂರು ಕಡೆಯ ಶಾಲೆಗಳಲ್ಲಿ 34 ವರ್ಷ ಮೇಷ್ಟ್ರಾಗಿದ್ದವನು ನಾನು. ಕಾಪಿ ಬರೆಸುವಾಗ, "ಅಕ್ಷರ ದುಂಡಗಿರಲಿ, ಇರುವೆ ಸಾಲಿನ ಹಾಗೆ ಬರೀಬೇಡ್ರೋ" ಎಂದು ಮಕ್ಕಳನ್ನು ಗದರುತ್ತಿದ್ದೆ. ಹೋದ ತಿಂಗಳು ತೋಟದ ಕೂಲಿ ಲೆಕ್ಕ ಬರೆಯುತ್ತಾ ಕೂತಿದ್ದಾಗ ಪುಟ್ಟಿ ಬಗ್ಗಿ ನೋಡಿದಳು. "ತಾತಾ, ಮೊದಲನೇ ಸಾಲು ಚೆನ್ನಾಗಿದೆ. ಕೊನೇ ಸಾಲಿಗೆ ಬರೋಷ್ಟರಲ್ಲಿ ನಿಮ್ಮ ಅಕ್ಷರಾನೂ ಇರುವೆ ಆಗಿದೆಯಲ್ಲ!" ಎಂದಳು.

ನಾನು ನಕ್ಕೆ. ಆದರೆ ಎದೆ ಧಸಕ್ಕೆಂದಿತು. ಯಾಕೆಂದರೆ ನನ್ನ ಬಲಗೈ ಎಂಟು ತಿಂಗಳಿಂದ ನಡುಗುತ್ತಿತ್ತು. ಹೆಗಲ ಮೇಲಿನ ಟವೆಲನ್ನು ತೊಡೆಯ ಮೇಲೆ ಹಾಕಿಕೊಂಡು, ಅದರಡಿ ಕೈ ಮುಚ್ಚಿಟ್ಟು, ಯಾರಿಗೂ ಗೊತ್ತಾಗದಂತೆ ನೋಡಿಕೊಂಡಿದ್ದೆ.

ಹಾಸನದ ಡಾಕ್ಟರು ಪರೀಕ್ಷೆ ಮಾಡಿ, "ಪಾರ್ಕಿನ್ಸನ್ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು. ನರರೋಗ ತಜ್ಞರು ನೋಡಲಿ" ಎಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಸುದ್ದಿ ತಿಳಿದ ಪಕ್ಕದ ತೋಟದವರು, "ಅಲ್ಲಿಗ್ಯಾಕೆ ಮೇಷ್ಟ್ರೇ? ನಿಮ್ಮ ತಲೆ ಸರಿಯಾಗೇ ಇದೆಯಲ್ಲ!" ಎಂದರು. ಬಹಳ ಜನ ಹೀಗೇ ತಿಳಿದಿದ್ದಾರೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಲ್ಲೇ ಇದ್ದ ತರಬೇತಿ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನಸ್ಸಿನ ಕಾಯಿಲೆಗಳ ಜೊತೆಗೆ ಮೂರ್ಛೆರೋಗ, ಲಕ್ವ, ನಡುಕ, ಹೀಗೆ ಮೆದುಳು ಮತ್ತು ನರಗಳ ಎಲ್ಲ ತೊಂದರೆಗಳನ್ನೂ ಅಲ್ಲಿ ನೋಡುತ್ತಾರೆ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: "ರಕ್ತಪರೀಕ್ಷೆ, ಸ್ಕ್ಯಾನು ಇವುಗಳಿಂದಲೇ ಇದು ತೀರ್ಮಾನ ಆಗಲ್ಲ. ನೀವು ಹೇಳೋದು, ಅವರು ಕಣ್ಣಾರೆ ನೋಡೋದು, ಇವೇ ಮುಖ್ಯ. ಎಲ್ಲಾ ಬರೆದುಕೊಂಡು ಹೋಗಿ."

ಈ ಕಾಯಿಲೆಗೆ ಹೆಸರು ಬಂದದ್ದೂ ಹಾಗೆ ನೋಡಿದ್ದರಿಂದಲೇ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲಿ ಆರು ಜನರ ನಡುಕದ ಬಗ್ಗೆ ಒಂದು ಪುಸ್ತಿಕೆ ಬರೆದ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಷ್ಟೇ ಕಂಡಿದ್ದ! ನಡೆಯುವ ರೀತಿ, ಬಾಗಿದ ಬೆನ್ನು, ನಡುಗುವ ಕೈ ಇವನ್ನು ಗಮನಿಸಿಯೇ ಬರೆದ.

ಸರಿ, ಪುಟ್ಟಿ ಒಂದು ನೂರು ಪುಟದ ನೋಟ್‌ಬುಕ್ ತಂದಳು. "ತಾತಾ, ಎಲ್ಲಾ ನಿಜ ಹೇಳ್ಬೇಕು" ಎಂದು ಮೇಷ್ಟರಿಗೇ ಆಜ್ಞೆ ಮಾಡಿದಳು.

ಮೊದಲನೇ ಪುಟ: ಯಾವಾಗ ಶುರುವಾಯಿತು, ಯಾವ ಕಡೆ? ಎಂಟು ತಿಂಗಳ ಹಿಂದೆ, ಬಲಗೈಯಲ್ಲಿ. ಕೈ ಸುಮ್ಮನೆ ಇಟ್ಟಾಗ ನಡುಗುತ್ತದೋ, ಕಾಫಿ ಲೋಟ ಹಿಡಿದಾಗಲೋ? ಸುಮ್ಮನೆ ಇಟ್ಟಾಗ. ಬೇರೆ ಬೇರೆ ಕಾಯಿಲೆಗಳಲ್ಲಿ ನಡುಕವೂ ಬೇರೆ ಬೇರೆ ಥರ ಇರುವುದರಿಂದ ಇದನ್ನು ತಪ್ಪದೆ ಕೇಳುತ್ತಾರಂತೆ. ನಾನು ಟಿ.ವಿ. ನೋಡುತ್ತಿರುವಾಗ ಸೊಸೆ ನನ್ನನ್ನು ಕೇಳಿಯೇ ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದಳು. ಡಾಕ್ಟರ ಎದುರು ಕೂತಾಗ ಕೈ ಸುಮ್ಮನಾಗಿಬಿಟ್ಟರೆ ತೋರಿಸಲು ಏನಾದರೂ ಬೇಕಲ್ಲ.

ಎರಡನೇ ಪುಟ ನಾನು ಹೇಳಿದ್ದಲ್ಲ, ಮನೆಯವರು ಕಂಡದ್ದು. "ತಾತ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಎಡಗೈ ಬೀಸ್ತಾರೆ, ಬಲಗೈ ಬೀಸಲ್ಲ" ಎಂದು ಪುಟ್ಟಿ. "ಮಾತು ಮೆತ್ತಗಾಗಿದೆ, ಎರಡು ಸಲ ಕೇಳಬೇಕು" ಎಂದು ಮಗ. ನಮ್ಮ ಮನೆಯವಳು ಹೇಳಿದ್ದು ಕೇಳಿ ನಾನೇ ಬೆರಗಾದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದಾಗ, "ಈ ಸಲ ಕಾಫಿ ಹೂವಿಗೆ ಘಮವೇ ಇಲ್ಲ" ಎಂದು ನಾನು ಗೊಣಗಿದ್ದೆನಂತೆ. "ಮನೆಯೊಳಗೆಲ್ಲ ಘಮಘಮ ಅಂತಿತ್ತು, ಇವರಿಗೇ ಬರ್ತಿರ್ಲಿಲ್ಲ" ಎಂದಳು. ಪಾರ್ಕಿನ್ಸನ್ ಇರುವ ಅನೇಕರಿಗೆ ನಡುಕಕ್ಕಿಂತ ವರ್ಷಗಳ ಮೊದಲೇ ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಒದರುವುದು, ಎಡವಿ ಬೀಳುವುದು, ಇವೂ ಇದ್ದರೆ ಹೇಳಬೇಕು. ನಾಚಿಕೆ ಪಡಬಾರದು.

ಮೂರನೇ ಪುಟ: ಮಾತ್ರೆಗಳು. ಬಿ.ಪಿ. ಮಾತ್ರೆ ಒಂದೇ ಎಂದೆ. ಪುಟ್ಟಿ ಗೂಡಿಗೆ ಕೈಹಾಕಿ ಇನ್ನೊಂದು ಚೀಟು ಎಳೆದಳು. ಯಾವಾಗಲೋ ತಲೆಸುತ್ತಿಗೆ ಕೊಟ್ಟಿದ್ದ ಮಾತ್ರೆ. ಅದನ್ನು ಡಾಕ್ಟರನ್ನು ಮತ್ತೆ ಕೇಳದೆ ವರ್ಷದಿಂದ ನುಂಗುತ್ತಿದ್ದೆ. ತಲೆಸುತ್ತು, ವಾಂತಿ, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೇ ಪಾರ್ಕಿನ್ಸನ್ ಹಾಗೆ ಕಾಣುವ ನಡುಕ ಬರುವುದುಂಟು. ನನ್ನದು ಅದೇ ಎಂದಲ್ಲ, ಆದರೆ ಅದನ್ನು ತೂಗಿ ನೋಡಬೇಕಾದವರು ತಜ್ಞರು. ನಾವೇ ಯಾವುದನ್ನೂ ನಿಲ್ಲಿಸುವಂತಿಲ್ಲ, ಬಚ್ಚಿಡುವಂತೆಯೂ ಇಲ್ಲ. ಎಲ್ಲ ಚೀಟುಗಳೂ ಚೀಲ ಸೇರಿದವು.

ಪಕ್ಕದ ತೋಟದವರು ಪ್ರೀತಿಯಿಂದ ಒಂದು ಪೊಟ್ಟಣ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ನಸುಗುನ್ನಿ ಕಾಯಿ ಮುಟ್ಟಿ ಮೈಯೆಲ್ಲ ಕೆರೆದುಕೊಂಡ ಮಕ್ಕಳು ನಿಮ್ಮಲ್ಲೂ ಇರಬಹುದು! ಅದರ ಬೀಜದಲ್ಲಿ ಲೆವೊಡೋಪ ಇದೆ ಎಂದು 1937ರಲ್ಲಿ ಮದರಾಸಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮೆದುಳಿನ ಬುಡದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸವೆದಾಗ ಪಾರ್ಕಿನ್ಸನ್ ಬರುತ್ತದೆ. ಲೆವೊಡೋಪ ಮೆದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಇಂದಿಗೂ ಡಾಕ್ಟರು ಕೊಡುವ ಮುಖ್ಯ ಮಾತ್ರೆ ಅದೇ. ಹಾಗೆಂದು ಪುಡಿ ತಿನ್ನಬಹುದೇ? ಒಂದು ಚಮಚದಲ್ಲಿ ಎಷ್ಟು ಔಷಧವಿದೆ ಎಂದು ಯಾರು ಅಳೆದವರು? ಪೊಟ್ಟಣವೂ ಚೀಲಕ್ಕೆ ಹೋಯಿತು, ಡಾಕ್ಟರನ್ನು ಕೇಳುವುದಕ್ಕೆ.

ಕೊನೆಯ ಪುಟದಲ್ಲಿ ಮೂರೇ ಪ್ರಶ್ನೆ. ಒಂದು: ಇದು ಯಾವ ಕಾಯಿಲೆ? ಎರಡು: ತೋಟಕ್ಕೆ ಒಬ್ಬನೇ ಹೋಗಬಹುದೇ? ಮೂರನೆಯದನ್ನು ಪುಟ್ಟಿ ನನ್ನನ್ನು ಕೇಳದೆಯೇ ಬರೆದಿದ್ದಳು: "ತಾತನ ಅಕ್ಷರ ಮತ್ತೆ ದೊಡ್ಡದಾಗುತ್ತಾ?" ಹೊಡೆದುಹಾಕೋಣ ಎಂದುಕೊಂಡೆ. ಆಗಲಿಲ್ಲ, ನನಗೂ ಅದೇ ಪ್ರಶ್ನೆ ಇತ್ತು.

ಭಾನುವಾರ ಬಸ್ಸಿಗೆ ಹೋಗಿ ಮಗಳ ಮನೆಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ಬೇಗ ಆಸ್ಪತ್ರೆಗೆ. ಮಗ ಜೊತೆಗೆ ಬರುತ್ತಾನೆ. ಆದರೆ ಉತ್ತರ ನಾನೇ ಹೇಳುತ್ತೇನೆ, ಬಿಟ್ಟುಹೋದದ್ದನ್ನು ಮಾತ್ರ ಅವನು ಸೇರಿಸಬೇಕು ಎಂದು ಒಪ್ಪಂದವಾಗಿದೆ. ಬೆರಳು ತಟ್ಟಿಸುತ್ತಾರೆ, ನಡೆಸುತ್ತಾರೆ, ಒಂದು ವಾಕ್ಯ ಬರೆಸುತ್ತಾರಂತೆ. ಪರೀಕ್ಷೆ ಎಂದು ಹಟಹಿಡಿದು ದುಂಡಗೆ ಬರೆಯಲು ಹೋಗುವುದಿಲ್ಲ. ಕೈಗೆ ಹೇಗೆ ಬರುತ್ತದೋ ಹಾಗೆ ಬರೆಯುತ್ತೇನೆ.

ಮಕ್ಕಳೇ, ನಿಮ್ಮ ಮನೆಯ ಅಜ್ಜಿ ತಾತನಲ್ಲಿ ಏನಾದರೂ ಬದಲಾವಣೆ ಕಂಡರೆ ನಗಬೇಡಿ, ಮೆಲ್ಲಗೆ ಹೇಳಿ. ನನ್ನ ವಯಸ್ಸಿನವರೇ, ನಿಮಗೂ ಒಂದು ಮಾತು: ಟವೆಲಿನಡಿ ಕೈ ಮುಚ್ಚಿಟ್ಟು ನಾನು ಎಂಟು ತಿಂಗಳು ಕಳೆದೆ. ನೀವು ಹಾಗೆ ಮಾಡಬೇಡಿ.