ಔಷಧಿ ಹೊಡೆಯೋ ಮುಂಚೆ ಒಮ್ಮೆ ಬದುವಿನ ಮೇಲೆ ಕೂತು ನೋಡಿ

ನಮ್ಮ ತೀರ್ಥಹಳ್ಳಿ ಕಡೆ ಹುಡುಗರೆಲ್ಲ ಇದಕ್ಕೆ ಹೆಲಿಕಾಪ್ಟರ್ ಹುಳ ಅಂತೀವಿ. ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಸಣ್ಣ ಕಲ್ಲು ಎತ್ತಿಸ್ತಿದ್ವಿ. ಆ ಪಾಪ ಕಳೆಯೋಕೆ ಇದನ್ನ ಬರೀತಿದ್ದೀನಿ ಅಂದ್ಕೊಳ್ಳಿ.

ಕಳೆದ ವಾರ ಮೂರು ದಿನ ಬಿಸಿಲೇರಿದ ಮೇಲೆ ಗದ್ದೆ ಬದುವಿನಲ್ಲಿ ಕೂತೆ. ಏಳು ಜಾತಿ ಸಿಕ್ಕವು. ರೆಕ್ಕೆಯಲ್ಲಿ ಕಪ್ಪು-ಬಿಳಿ ಪಟ್ಟೆಯ ಪೈಡ್ ಪ್ಯಾಡಿ ಸ್ಕಿಮ್ಮರ್‌ಗೆ ಹೆಸರಲ್ಲೇ ಭತ್ತ ಇದೆ. ಗ್ರೀನ್ ಮಾರ್ಶ್ ಹಾಕ್ ತನ್ನಷ್ಟೇ ದೊಡ್ಡ ಹುಳ ಹಿಡಿದು ತಿನ್ನುತ್ತೆ. ಬಗ್ಗಿ ನೋಡಿದ್ರೆ ತೆಂಡೆಗಳ ಮಧ್ಯೆ ಸೂಜಿಯಷ್ಟು ತೆಳ್ಳಗಿನ ಡ್ಯಾಮ್ಸೆಲ್ ಫ್ಲೈಗಳು. ಕೂತಾಗ ರೆಕ್ಕೆ ಮಡಚಿದ್ರೆ ಸಾಮಾನ್ಯವಾಗಿ ಡ್ಯಾಮ್ಸೆಲ್, ಅಗಲಿಸಿಕೊಂಡೇ ಕೂತ್ರೆ ಡ್ರ್ಯಾಗನ್. ಕಂದು ಜಿಗಿಹುಳು ಕೂರೋದೂ ಭತ್ತದ ಬುಡದಲ್ಲಿ, ಈ ಡ್ಯಾಮ್ಸೆಲ್‌ಗಳು ಬೇಟೆಯಾಡೋದೂ ಅಲ್ಲೇ.

ಎರಡು ವರ್ಷದ ಹಿಂದೆ ನಾಲ್ಕು ಜಿಗಿಹುಳು ಕಂಡಿದ್ದೇ ತಡ, ಅಂಗಡಿಯಲ್ಲಿ ಕೊಟ್ಟ ಔಷಧಿ ತಂದು ಹೊಡೆದೆ. ಒಂದು ವಾರ ಗದ್ದೆ ಸ್ವಚ್ಛ. ಮೂರನೇ ವಾರಕ್ಕೆ ಮಧ್ಯದ ಮಡಿ ಸುಟ್ಟಂಗೆ ಒಣಗಿತ್ತು. ಕಾರಣ ಆಮೇಲೆ ತಿಳೀತು. ಜಿಗಿಹುಳು ಮೊಟ್ಟೆ ಇಡೋದು ಕಾಂಡಕ್ಕೆ ಸುತ್ತಿಕೊಂಡ ಎಲೆಯ ಒಳಗೆ, ಔಷಧಿ ಅಲ್ಲಿಗೆ ಸರಿಯಾಗಿ ತಾಗಲ್ಲ. ಹೊರಗಿದ್ದ ಜೇಡ, ಡ್ಯಾಮ್ಸೆಲ್ ಸತ್ತವು. ಮರಿ ಒಡೆದು ಬಂದಾಗ ತಿನ್ನೋರೇ ಇರಲಿಲ್ಲ.

"ಹೆಲಿಕಾಪ್ಟರ್ ಹುಳ ನಂಬ್ಕೊಂಡು ಭತ್ತ ಬೆಳೆಯೋಕಾಗುತ್ತಾ?" ಅಂತ ಕೇಳ್ತೀರಿ. ಅವೊಂದರಿಂದಲೇ ಆಗಲ್ಲ. ಜೇನುಹುಳಾನೂ ಹಿಡಿಯುತ್ತವೆ, ಪೆಟ್ಟಿಗೆ ಇಟ್ಟವರಿಗೆ ಗೊತ್ತು. ಆದ್ರೆ ಇವು ತುಂಬಿರೋ ಗದ್ದೆಯಲ್ಲಿ ಜೇಡ, ಕಪ್ಪೆ ಕೂಡ ಬದುಕಿರುತ್ತವೆ. ನನಗೆ ಅದೇ ಲೆಕ್ಕ.

ಇವುಗಳ ಮರಿ ಬೆಳೆಯೋದು ನೀರೊಳಗೆ, ಸೊಳ್ಳೆಮರಿ ತಿಂದ್ಕೊಂಡು. ಮಳೆನೀರಿನ ಗುಂಡಿಯಲ್ಲಿ ಬೆಳೆಯೋ ಹಳದಿ ಗ್ಲೋಬ್ ಸ್ಕಿಮ್ಮರ್ ನಮ್ಮ ದೇಶದಿಂದ ಮಾಲ್ಡೀವ್ಸ್ ಹಾದು ಆಫ್ರಿಕಾಕ್ಕೆ ಹೋಗುತ್ತೆ ಅಂತ 2009ರಲ್ಲಿ ಚಾರ್ಲ್ಸ್ ಆ್ಯಂಡರ್ಸನ್ ಬರೆದರು. ಸಮುದ್ರ ದಾಟೋ ಹುಳಕ್ಕೂ ಮೊದಲು ಒಂದು ಗುಂಡಿ ನೀರು ಬೇಕು. ಅದಕ್ಕೇ ಈ ಸಲ ಗದ್ದೆ ನೀರು ಬಸಿದರೂ ಮೂಲೆಯ ಗುಂಡಿಯಲ್ಲಿ ನೀರು, ಜೊಂಡು ಹಾಗೇ ಬಿಟ್ಟಿದ್ದೀನಿ. ಅರ್ಧ ಗುಂಟೆ ಜಾಗವೂ ಹೋಗಿಲ್ಲ.

ಔಷಧಿ ಬೇಡವೇ ಬೇಡ ಅಂತ ನಾನು ಹೇಳಲ್ಲ. ಬುಡ ಬಿಡಿಸಿ ಜಿಗಿಹುಳು ಎಣಿಸಿ, ಅದನ್ನ ತಿನ್ನೋರನ್ನೂ ಎಣಿಸಿ. ಆಮೇಲೂ ಬೇಕು ಅನ್ನಿಸಿದ್ರೆ ಪಂಪ್ ಹೆಗಲಿಗೇರಿಸಿ.

ನಿಮ್ಮ ಗದ್ದೆಯಲ್ಲಿ ಎಷ್ಟು ಜಾತಿ ಕಂಡ್ವು? ಫೋಟೋ ಹಾಕಿ, ನೋಡೋಣ.